ತೀವ್ರ ಲೇಸರ್ ಸ್ಪಂದಗಳೂ ಎಲೆಕ್ಟ್ರಾನಿನ ಕಾಲಮಾನವೂ: ಒಂದು ಐತಿಹಾಸಿಕ ವಿವೇಚನೆ

೧

ನಮ್ಮ ಕಾಲೇಜುಗಳಲ್ಲಿ ದ್ಯುತಿವಿದ್ಯುತ್ ಪರಿಣಾಮವನ್ನು ಬೋಧಿಸುವಾಗ ಮೂರು ನಿಯಮಗಳನ್ನು ಹೇಳಿಕೊಡುವುದು ವಾಡಿಕೆ. ಲೋಹದ ಮೇಲೆ ಬೀಳುವ ಬೆಳಕಿನ ಆವೃತ್ತಿ ಒಂದು ಮಿತಿಗಿಂತ ಕಡಿಮೆಯಾಗಿದ್ದರೆ, ಬೆಳಕು ಎಷ್ಟೇ ತೀವ್ರವಾಗಿರಲಿ, ಎಲೆಕ್ಟ್ರಾನು ಹೊರಬೀಳುವುದಿಲ್ಲವೆಂಬುದು ಮೊದಲನೆಯದು. ಹೊರಬಿದ್ದ ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ ಬೆಳಕಿನ ತೀವ್ರತೆಯನ್ನು ಅವಲಂಬಿಸದೆ ಅದರ ಆವೃತ್ತಿಯನ್ನೇ ಅವಲಂಬಿಸುತ್ತದೆಂಬುದು ಎರಡನೆಯದು. ಬೆಳಕು ಬಿದ್ದೊಡನೆ, ತತ್‌ಕ್ಷಣವೇ, ಎಲೆಕ್ಟ್ರಾನು ಹೊರಬೀಳುತ್ತದೆಂಬುದು ಮೂರನೆಯದು. ಪಠ್ಯಪುಸ್ತಕಗಳಲ್ಲಿ ಈ ಮೂರೂ ಸಮಾನ ಗೌರವದಿಂದ ಅಚ್ಚಾಗುತ್ತ ಬಂದಿವೆ. ಆದರೆ ೧೯೬೦ರಲ್ಲಿ ಲೇಸರ್ ಹುಟ್ಟಿದ ಮೇಲೆ ನಡೆದ ಸಂಶೋಧನೆಯ ಇತಿಹಾಸವನ್ನು ಪರಿಶೀಲಿಸಿದರೆ, ಈ ಮೂರಕ್ಕೂ ಒಂದೊಂದು ಮೇರೆಯುಂಟೆಂದೂ, ಆ ಮೇರೆಗಳು ಒಂದಾದ ಮೇಲೊಂದರಂತೆ ಪ್ರಯೋಗದ ಮೂಲಕ ಗೋಚರಕ್ಕೆ ಬಂದುವೆಂದೂ ತಿಳಿಯುತ್ತದೆ. ಎಲ್ಲಕ್ಕಿಂತ ಕೊನೆಯಲ್ಲಿ ಮೇರೆ ಕಂಡದ್ದು ಮೂರನೆಯ ನಿಯಮ. ಅದರಲ್ಲಿಯ ‘ತತ್‌ಕ್ಷಣ’ ಎಂಬ ಮಾತು. ಆ ಮಾತು ಎಲೆಕ್ಟ್ರಾನಿನ ಭೌತಶಾಸ್ತ್ರದಿಂದ ಹೇಗೆ ಕ್ರಮಕ್ರಮವಾಗಿ ಹಿಂದೆ ಸರಿಯಿತೆಂಬುದನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಾಲದ ಸಣ್ಣ ಅಳತೆಗಳನ್ನು ದೇಹದಿಂದಲೇ ಪಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ‘ನಿಮಿಷ’ ಎಂಬ ಮಾತಿಗೆ ಮೂಲವಾದ ‘ನಿಮೇಷ’ವೆಂದರೆ ರೆಪ್ಪೆ ಬಡಿಯುವ ಕಾಲ. ಆ ಅವಧಿಯೊಳಗೆ ನಡೆದುದೆಲ್ಲ ಕಣ್ಣಿಗೆ ತತ್‌ಕ್ಷಣವೇ ಸರಿ. ಉಪಕರಣಗಳ ವಿಷಯವೂ ಹೀಗೆಯೇ. ಪ್ರತಿಯೊಂದು ಉಪಕರಣಕ್ಕೂ ತನ್ನದೇ ಆದ ಒಂದು ನಿಮೇಷವುಂಟು; ಅದರೊಳಗೆ ನಡೆದುಹೋದ ಘಟನೆ ಅದಕ್ಕೆ ಕಾಲವಿಲ್ಲದ ಘಟನೆಯಾಗಿ ತೋರುತ್ತದೆ. ಈ ಸಾಮಾನ್ಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥನ ಸುಲಭವಾಗಿ ಗ್ರಹಿಕೆಗೆ ಬರುತ್ತದೆ.

೨

ಹರ್ಟ್ಸ್ ಅವರು ೧೮೮೭ರಲ್ಲಿ ಗುರುತಿಸಿದ ಈ ಪರಿಣಾಮವನ್ನು ಲೆನಾರ್ಡ್ ಅವರು ೧೯೦೨ರಲ್ಲಿ ಸೂಕ್ಷ್ಮವಾಗಿ ಅಳೆದು, ಎಲೆಕ್ಟ್ರಾನಿನ ಶಕ್ತಿಗೂ ಬೆಳಕಿನ ತೀವ್ರತೆಗೂ ಸಂಬಂಧವಿಲ್ಲವೆಂದು ತೋರಿಸಿದರು. ೧೯೦೫ರಲ್ಲಿ ಐನ್‌ಸ್ಟೈನರು ಇದಕ್ಕೆ ಕೊಟ್ಟ ವಿವರಣೆ ಸರ್ವವಿದಿತವಾಗಿದೆ. ಬೆಳಕಿನ ಶಕ್ತಿ ಬಿಡಿ ಕಣಗಳಾಗಿ ಬರುತ್ತದೆ. ಒಂದು ಕಣ ತನ್ನ ಶಕ್ತಿಯನ್ನು ಪೂರ್ಣವಾಗಿ ಒಂದು ಎಲೆಕ್ಟ್ರಾನಿಗೆ ಒಪ್ಪಿಸುತ್ತದೆ. ಮುಂದೆ ಈ ಕಣಕ್ಕೆ ಫೋಟಾನ್ ಎಂಬ ಹೆಸರು ಬಂದಿತು.

ಮೂರನೆಯ ನಿಯಮಕ್ಕೆ ಪ್ರಾಮುಖ್ಯ ಬಂದದ್ದು ಈ ಸಂದರ್ಭದಲ್ಲಿಯೇ. ಬೆಳಕು ಕೇವಲ ಅಲೆಯಾಗಿದ್ದ ಪಕ್ಷದಲ್ಲಿ ಅದರ ಶಕ್ತಿ ಲೋಹದ ಮೇಲ್ಮೈಯಲ್ಲೆಲ್ಲ ಹರಡಿಕೊಳ್ಳಬೇಕು. ಮಂದವಾದ ಬೆಳಕಿನಲ್ಲಿ ಒಂದೊಂದು ಎಲೆಕ್ಟ್ರಾನೂ ತನಗೆ ಸಾಲುವಷ್ಟು ಶಕ್ತಿಯನ್ನು ಕೂಡಿಸಿಕೊಳ್ಳಲು ಬಹಳ ಹೊತ್ತು ಕಾಯಬೇಕಾಗುತ್ತದೆ. ಪ್ರಯೋಗದಲ್ಲಿ ಅಂಥ ವಿಳಂಬವೇನೂ ಕಾಣಲಿಲ್ಲ. ಆದುದರಿಂದ ‘ವಿಳಂಬವಿಲ್ಲ’ ಎಂಬುದು ಕಣವಾದಕ್ಕೆ ಒಂದು ಬಲವಾದ ಸಾಕ್ಷ್ಯವಾಯಿತು.

ಆದರೆ ವಿಳಂಬವಿಲ್ಲವೆಂಬುದನ್ನು ಅಳೆದವರು ಎಷ್ಟರಮಟ್ಟಿಗೆ ಅಳೆದರು? ೧೯೨೮ರಲ್ಲಿ ಅಮೆರಿಕದ ಲಾರೆನ್ಸ್ ಮತ್ತು ಬೀಮ್ಸ್ ಅವರು ಅತಿವೇಗದ ವಿದ್ಯುತ್ ಕವಾಟದ ನೆರವಿನಿಂದ, ಈ ವಿಳಂಬವು ೩ ನ್ಯಾನೋಸೆಕೆಂಡಿಗಿಂತ, ಅಂದರೆ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಮೂರಕ್ಕಿಂತ, ಕಡಿಮೆಯೆಂದು ಸ್ಥಾಪಿಸಿದರು. ೧೯೫೫ರಲ್ಲಿ ಫಾರೆಸ್ಟರ್ ಮತ್ತು ಸಹೋದ್ಯೋಗಿಗಳು ಪಾದರಸದ ದೀಪದ ಎರಡು ಸಮೀಪದ ಬಣ್ಣಗಳನ್ನು ಒಂದೇ ಲೋಹದ ಮೇಲೆ ಬೀಳಿಸಿ, ಅವುಗಳ ವ್ಯತ್ಯಾಸದ ಆವೃತ್ತಿಯಲ್ಲಿ ಎಲೆಕ್ಟ್ರಾನುಗಳ ಹರಿವು ಏರಿಳಿಯುವುದನ್ನು ಕಂಡರು. ಇದರಿಂದ ವಿಳಂಬದ ಮೇಲ್ಮಿತಿ ನ್ಯಾನೋಸೆಕೆಂಡಿನ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಪ್ರಯೋಗಗಳಿಂದ ಸಿದ್ಧವಾದದ್ದು ‘ಇಷ್ಟಕ್ಕಿಂತ ಕಡಿಮೆ’ ಎಂಬುದು ಮಾತ್ರ; ವಿಳಂಬ ಸೊನ್ನೆಯೆಂಬುದು ಅವುಗಳಿಂದ ಸಿದ್ಧವಾಗಲಿಲ್ಲ. ಮೇಲ್ಮಿತಿಯನ್ನು ಸೊನ್ನೆಯಾಗಿ ಓದಿದ್ದು ತರುವಾಯದ ಪಠ್ಯಪುಸ್ತಕಗಳು.

ಎಲೆಕ್ಟ್ರಾನಿನ ಸ್ವಂತ ಕಾಲಮಾನವಾದರೋ ಇದಕ್ಕಿಂತ ಎಷ್ಟೋ ಕೆಳಗಿನದು. ಬೋರ್ ಅವರ ೧೯೧೩ರ ಮಾದರಿಯ ಪ್ರಕಾರ ಹೈಡ್ರೊಜನ್ ಪರಮಾಣುವಿನ ಎಲೆಕ್ಟ್ರಾನು ಒಂದು ಸುತ್ತು ಬರಲು ಹಿಡಿಯುವ ಕಾಲ ೧೫೨ ಅಟೋಸೆಕೆಂಡು. ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ ಪಿಕೋಸೆಕೆಂಡು. ಅದರ ಸಾವಿರದ ಒಂದು ಭಾಗ ಫೆಮ್ಟೊಸೆಕೆಂಡು. ಅದರ ಸಾವಿರದ ಒಂದು ಭಾಗ ಅಟೋಸೆಕೆಂಡು. ಫೆಮ್ಟೊ ಮತ್ತು ಅಟೋ ಎಂಬ ಉಪಸರ್ಗಗಳು ಹದಿನೈದು, ಹದಿನೆಂಟು ಎಂಬರ್ಥದ ಡೇನಿಷ್ ಮಾತುಗಳಿಂದ ಹುಟ್ಟಿ, ೧೯೬೪ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಪಡೆದುವು. ೧೯೫೫ರ ಅತ್ಯುತ್ತಮ ಅಳತೆಗೂ ಎಲೆಕ್ಟ್ರಾನಿನ ಒಂದು ಸುತ್ತಿಗೂ ನಡುವೆ ಆರು ಲಕ್ಷ ಪಟ್ಟಿಗೂ ಹೆಚ್ಚಿನ ಅಂತರವಿತ್ತು. ಅದೇ ೧೯೫೫ರಲ್ಲಿ ವಿಗ್ನರ್ ಅವರು, ಐಸೆನ್‌ಬಡ್ ಅವರು ೧೯೪೮ರಲ್ಲಿ ಆರಂಭಿಸಿದ್ದ ವಿಚಾರವನ್ನು ಮುಂದುವರಿಸಿ, ಆಕರ್ಷಣ ಕ್ಷೇತ್ರವನ್ನು ಹಾದುಹೋಗುವ ಕಣಕ್ಕೆ ಉಂಟಾಗುವ ವಿಳಂಬವನ್ನು ಕ್ವಾಂಟಂ ಸಿದ್ಧಾಂತದಲ್ಲಿ ಹೇಗೆ ಗಣಿಸಬೇಕೆಂಬುದನ್ನು ಪ್ರಕಟಿಸಿದರು. ಪ್ರಶ್ನೆಗೆ ಗಣಿತರೂಪ ದೊರಕಿತು; ಗಡಿಯಾರ ಮಾತ್ರ ಇರಲಿಲ್ಲ.

೩

ಆ ಗಡಿಯಾರ ಬಂದ ದಾರಿ ಯಾರೂ ಯೋಜಿಸಿದ ದಾರಿಯಲ್ಲ. ಅದು ಆರಂಭವಾದುದು ಕಾಲದ ಪ್ರಶ್ನೆಯಿಂದಲ್ಲ, ತೀವ್ರತೆಯ ಪ್ರಶ್ನೆಯಿಂದ.

ಒಂದೇ ಎಲೆಕ್ಟ್ರಾನು ಏಕಕಾಲದಲ್ಲಿ ಎರಡು ಫೋಟಾನುಗಳನ್ನು ಹೀರಿಕೊಳ್ಳಬಹುದೆಂದು ಮರಿಯಾ ಗೋಪರ್ಟ್-ಮಾಯರ್ ಅವರು ಗಟ್ಟಿಂಗೆನ್ನಿನ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಗಣಿಸಿ, ೧೯೩೧ರಲ್ಲಿ ಅದನ್ನು ಪ್ರಕಟಿಸಿದರು. ಸಾಮಾನ್ಯ ದೀಪಗಳ ಬೆಳಕಿನಲ್ಲಿ ಈ ಸಂಭವ ತೀರ ಅತ್ಯಲ್ಪವಾದುದರಿಂದ, ಮೂವತ್ತು ವರ್ಷಗಳ ಕಾಲ ಅದು ಕಾಗದದ ಮೇಲೆಯೇ ಉಳಿಯಿತು. ೧೯೬೦ರ ಮೇ ತಿಂಗಳಲ್ಲಿ ಮೇಮನ್ ಅವರು ಕ್ಯಾಲಿಫೋರ್ನಿಯದಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದರು. ಮರುವರ್ಷವೇ ಕೈಸರ್ ಮತ್ತು ಗ್ಯಾರೆಟ್ ಅವರು ಒಂದು ಹರಳಿನಲ್ಲಿ ಎರಡು ಫೋಟಾನುಗಳ ಹೀರಿಕೆಯನ್ನು ಕಂಡರು. ಅದೇ ೧೯೬೧ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಫ್ರ್ಯಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ ೬೯೪೩ ಆಂಗ್‌ಸ್ಟ್ರಾಮ್ ತರಂಗದೂರದ ಕೆಂಪು ಬೆಳಕನ್ನು ಬೆಣಚುಕಲ್ಲಿನ ಸ್ಫಟಿಕದೊಳಗೆ ಹಾಯಿಸಿ, ಅದರ ಅರ್ಧದಷ್ಟು ತರಂಗದೂರದ ನೇರಳಾತೀತ ಬೆಳಕನ್ನು ಪಡೆದರು. ಅವರ ಛಾಯಾಚಿತ್ರದಲ್ಲಿದ್ದ ಆ ಕ್ಷೀಣ ಬಿಂದುವನ್ನು ಪತ್ರಿಕೆಯವರು ಕಲೆಯೆಂದು ಭಾವಿಸಿ ಅಚ್ಚಿನಲ್ಲಿ ಅಳಿಸಿಬಿಟ್ಟ ಪ್ರಸಂಗ ಭೌತಶಾಸ್ತ್ರಜ್ಞರ ವಲಯದಲ್ಲಿ ಪ್ರಸಿದ್ಧವಾಗಿದೆ.

ಮೊದಲ ನಿಯಮದ ಮೇರೆ ಗೋಚರವಾದುದು ಹೀಗೆ. ೧೯೬೪ರಲ್ಲಿ ಸೋಡಿಯಂ ಲೋಹದಿಂದ, ಒಂದೊಂದಾಗಿ ಅಸಮರ್ಥವಾದ ಫೋಟಾನುಗಳು ಎರಡೆರಡು ಕೂಡಿ ಎಲೆಕ್ಟ್ರಾನುಗಳನ್ನು ಹೊರಡಿಸಿದುವು. ೧೯೬೫ರಲ್ಲಿ ಸೋವಿಯತ್ ದೇಶದ ವೊರೊನೊವ್ ಮತ್ತು ಡೆಲೋನೆ ಅವರು ಝೆನಾನ್ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಮಾಣಿಕ್ಯ ಲೇಸರಿನ ಕೆಂಪು ಬೆಳಕಿನಿಂದಲೇ ಕಿತ್ತರು. ಇದಕ್ಕೆ ಏಳು ಫೋಟಾನುಗಳು ಒಟ್ಟಿಗೆ ದುಡಿಯಬೇಕು. ಬೆಳಕು ಸಾಕಷ್ಟು ತೀವ್ರವಾದರೆ ಆವೃತ್ತಿಯ ಮಿತಿ ಅಡ್ಡಿಯಾಗದೆಂಬುದು ನಿಶ್ಚಿತವಾಯಿತು.

ಈ ಪ್ರಯೋಗಗಳ ನಡುವೆ, ೧೯೬೪ರಲ್ಲಿ, ಮಾಸ್ಕೋವಿನ ಲೆಬೆಡೆವ್ ಸಂಸ್ಥೆಯ ಲಿಯೊನಿಡ್ ಕೆಲ್ದಿಷ್ ಅವರು ಪ್ರಕಟಿಸಿದ ಲೇಖನ ಈ ಇತಿಹಾಸದ ತಿರುವೆಂದು ನಾವು ಭಾವಿಸುತ್ತೇವೆ. ಪರಮಾಣುವಿನಲ್ಲಿ ಎಲೆಕ್ಟ್ರಾನು ಒಂದು ಗೋಡೆಯೊಳಗೆ ಬಂಧಿತವಾಗಿದೆಯೆಂದು ಕಲ್ಪಿಸಿಕೊಳ್ಳೋಣ. ಬೆಳಕಿನ ವಿದ್ಯುತ್ ಕ್ಷೇತ್ರ ಬಹು ಪ್ರಬಲವಾದರೆ ಗೋಡೆಯ ಒಂದು ಪಕ್ಕವನ್ನು ಬಾಗಿಸಿ ತೆಳುಮಾಡುತ್ತದೆ. ಎಲೆಕ್ಟ್ರಾನು ಅದರಲ್ಲಿ ಸುರಂಗ ಕೊರೆದಂತೆ ಹೊರಬರಬಹುದು. ಆದರೆ ಬೆಳಕಿನ ಕ್ಷೇತ್ರ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಂಥದು. ಗೋಡೆ ಬಾಗಿರುವ ಅವಧಿ ಎಲೆಕ್ಟ್ರಾನು ದಾಟಿಹೋಗಲು ಸಾಲುವಷ್ಟಿದ್ದರೆ ಸುರಂಗ ಗಮನ ನಡೆಯುತ್ತದೆ. ಸಾಲದಿದ್ದರೆ ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಹಳೆಯ ಚಿತ್ರವೇ ಹೊಂದುತ್ತದೆ. ಕಣದ ಎಣಿಕೆ, ಅಲೆಯ ತಳ್ಳಿಕೆ ಎಂಬ ಈ ಎರಡು ಚಿತ್ರಗಳು ಒಂದೇ ಸೂತ್ರದ ಎರಡು ತುದಿಗಳೆಂದು ಕೆಲ್ದಿಷ್ ತೋರಿಸಿದರು. ಇದೇ ಲೇಖನದಲ್ಲಿ ಅವರು ಪರಮಾಣುವನ್ನಲ್ಲದೆ ಸ್ಫಟಿಕದೊಳಗಿನ ಎಲೆಕ್ಟ್ರಾನನ್ನೂ ಪರಿಗಣಿಸಿದ್ದರು. ಘನವಸ್ತುಗಳ ವಿಷಯದಲ್ಲಿ ಈ ದೂರದೃಷ್ಟಿಗೆ ತಕ್ಕ ಪ್ರಯೋಗಗಳು ಬರಲು ಬಹುಕಾಲ ಹಿಡಿಯಿತೆಂಬುದನ್ನು ಮುಂದೆ ಕಾಣುವೆವು.

೪

ಹೈಡ್ರೊಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನನ್ನು ಹಿಡಿದಿಟ್ಟಿರುವ ಕ್ಷೇತ್ರ ಸೆಂಟಿಮೀಟರಿಗೆ ಸುಮಾರು ೫೦೦ ಕೋಟಿ ವೋಲ್ಟು. ಇದಕ್ಕೆ ಸರಿಸಮನಾದ ಕ್ಷೇತ್ರವುಳ್ಳ ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು ೩೫೦ ಕೋಟಿ ಕೋಟಿ ವ್ಯಾಟು. ನಡುಹಗಲಿನ ಬಿಸಿಲಿನ ತೀವ್ರತೆ ಅದೇ ಅಳತೆಯಲ್ಲಿ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು ಮಾತ್ರ. ಇಂಥ ಮಹತ್ತಾದ ತೀವ್ರತೆಯನ್ನು ನಿರಂತರವಾಗಿ ಒದಗಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಅಲ್ಪ ಶಕ್ತಿಯನ್ನು ಅತ್ಯಲ್ಪ ಕಾಲದಲ್ಲಿ ಹಿಡಿಸುವುದೊಂದೇ ಉಪಾಯ. ಒಂದು ಮಿಲಿಜೌಲ್ ಶಕ್ತಿ ಸಣ್ಣ ಸಂಗತಿ. ಅದನ್ನೇ ಒಂದು ಪಿಕೋಸೆಕೆಂಡಿನಲ್ಲಿ ಹರಿಯಬಿಟ್ಟರೆ ಆ ಅವಧಿಗೆ ೧೦೦ ಕೋಟಿ ವ್ಯಾಟು ಸಾಮರ್ಥ್ಯವಾಗುತ್ತದೆ. ಸ್ಪಂದವನ್ನು ಹ್ರಸ್ವಗೊಳಿಸಲು ವಿಜ್ಞಾನಿಗಳು ತೊಡಗಿದ್ದಕ್ಕೆ ಇದು ಒಂದು ಮುಖ್ಯ ಕಾರಣ.

ಹ್ರಸ್ವಗೊಳಿಸುವ ವಿದ್ಯೆ ಬೇಗ ಬೇಗ ಬೆಳೆಯಿತು. ೧೯೬೨ರಲ್ಲಿ ಹೆಲ್ವರ್ತ್ ಮತ್ತು ಮ್ಯಾಕ್ಲಂಗ್ ಅವರು ಶಕ್ತಿಯನ್ನು ತಡೆದಿಟ್ಟು ಒಮ್ಮೆಗೇ ಬಿಡುವ ವಿಧಾನವನ್ನು ಕಾರ್ಯಗತ ಮಾಡಿದರು. ೧೯೬೪ರಲ್ಲಿ ಬೆಲ್ ಪ್ರಯೋಗಶಾಲೆಯ ಹಾರ್ಗ್ರೋವ್, ಫೋರ್ಕ್, ಪೊಲ್ಲಾಕ್ ಅವರು ಲೇಸರಿನೊಳಗಿನ ನಾನಾ ಆವೃತ್ತಿಗಳನ್ನು ಒಂದೇ ತಾಳಕ್ಕೆ ಕಟ್ಟಿ ಸ್ಪಂದಗಳನ್ನು ಪಡೆದರು. ೧೯೬೬ರಲ್ಲಿ ಡಿಮಾರಿಯಾ ಮತ್ತು ಸಂಗಡಿಗರು ಪಿಕೋಸೆಕೆಂಡುಗಳ ಮಾನಕ್ಕೆ ಬಂದರು. ವರ್ಣದ್ರವ್ಯದ ದ್ರಾವಣಗಳಿಂದ ರಚಿಸಿದ ಲೇಸರುಗಳಿಂದ ಫೋರ್ಕ್, ಗ್ರೀನ್, ಶ್ಯಾಂಕ್ ಅವರು ೧೯೮೧ರಲ್ಲಿ ೧೦೦ ಫೆಮ್ಟೊಸೆಕೆಂಡಿಗಿಂತ ಕೆಳಗಿಳಿದರು. ೧೯೮೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿಯೇ ೬ ಫೆಮ್ಟೊಸೆಕೆಂಡಿನ ಸ್ಪಂದ ದೊರಕಿತು. ಈ ಮಾನದ ಸ್ಪಂದಗಳಿಂದ ಅಹ್ಮದ್ ಝೆವೈಲ್ ಅವರು ರಾಸಾಯನಿಕ ಬಂಧ ಮುರಿಯುವುದನ್ನು ಹಂತಹಂತವಾಗಿ ನೋಡಿ, ೧೯೯೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಆದರೆ ಅಲ್ಲಿ ಕಂಡದ್ದು ಪರಮಾಣುಗಳ ಚಲನೆ. ಅವುಗಳಿಗಿಂತ ಸಾವಿರಾರು ಪಟ್ಟು ಹಗುರವಾದ ಎಲೆಕ್ಟ್ರಾನುಗಳ ಚಲನೆ ಇನ್ನೂ ಆ ಉಪಕರಣದ ನಿಮೇಷದೊಳಗೆ ಅಡಗಿತ್ತು.

ತೀವ್ರತೆಯ ದಿಕ್ಕಿನಲ್ಲಿ ಒಂದು ದೊಡ್ಡ ಅಡ್ಡಿಯಿತ್ತು. ಸ್ಪಂದ ಪ್ರಬಲವಾದಂತೆ ಅದನ್ನು ವರ್ಧಿಸುವ ಗಾಜು ಹರಳುಗಳನ್ನೇ ಅದು ಒಡೆಯುತ್ತಿತ್ತು. ೧೯೮೫ರಲ್ಲಿ ರಾಚೆಸ್ಟರಿನ ಜೆರಾರ್ ಮುರೂ ಅವರೂ ಅವರ ವಿದ್ಯಾರ್ಥಿನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರೂ ಇದಕ್ಕೆ ಪರಿಹಾರ ಕಂಡುಹಿಡಿದರು. ಸ್ಪಂದವನ್ನು ಉದ್ದವಾದ ಗಾಜಿನ ಎಳೆಯೊಳಗೆ ಹಾಯಿಸಿ, ಅದರ ಬಣ್ಣಗಳು ಒಂದರ ಹಿಂದೊಂದು ಸಾಲಾಗುವಂತೆ ಹಿಗ್ಗಿಸಿ, ಹಾಗೆ ಸೌಮ್ಯವಾದ ಸ್ಪಂದವನ್ನು ವರ್ಧಿಸಿ, ಕೊನೆಯಲ್ಲಿ ಗೀರುಫಲಕಗಳ ಜೋಡಿಯಿಂದ ಮತ್ತೆ ಕುಗ್ಗಿಸಿದರು. ಮೊದಲ ಪ್ರಯೋಗದಲ್ಲಿ ದೊರೆತದ್ದು ೨ ಪಿಕೋಸೆಕೆಂಡಿನ, ಮಿಲಿಜೌಲ್ ಮಾನದ ಸ್ಪಂದ. ವಸ್ತುವನ್ನು ಒಡೆಯದೆ ತೀವ್ರ ಬೆಳಕನ್ನು ಪಡೆಯುವ ಈ ವಿಧಾನ ಬಹುಬೇಗ ಹರಡಿತು. ೨೦೧೮ರ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರಿಗೂ ಪಾಲು ಸಂದಿತು.

೫

ಇಲ್ಲಿಂದ ಮುಂದೆ ಕಥೆ ಫ್ರಾನ್ಸಿನ ಸಾಕ್ಲೇ ಎಂಬಲ್ಲಿಯ ಸಂಶೋಧನಾಲಯಕ್ಕೆ ಬರುತ್ತದೆ. ೧೯೭೯ರಲ್ಲಿಯೇ ಅಲ್ಲಿ ಪಿಯೇರ್ ಅಗೊಸ್ಟಿನಿ ಮತ್ತು ಸಂಗಡಿಗರು ಝೆನಾನ್ ಪರಮಾಣುವಿನಿಂದ ಆರು ಫೋಟಾನುಗಳ ಬಲದಿಂದ ಹೊರಬೀಳುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆಯುತ್ತಿದ್ದಾಗ, ಕೆಲವು ಎಲೆಕ್ಟ್ರಾನುಗಳು ಅಗತ್ಯಕ್ಕಿಂತ ಹೆಚ್ಚಾಗಿ ಇನ್ನೊಂದು ಫೋಟಾನನ್ನೂ ಹೀರಿಕೊಂಡುವೆಂದು ಕಂಡರು. ಬಂಧನದಿಂದ ಬಿಡುಗಡೆಯಾದ ಮೇಲೆಯೂ ಎಲೆಕ್ಟ್ರಾನು ಬೆಳಕಿನಿಂದ ಶಕ್ತಿಯನ್ನು ಪಡೆಯುತ್ತಲೇ ಇತ್ತು. ಮುಂದಿನ ಪ್ರಯೋಗಗಳಲ್ಲಿ, ತೀವ್ರತೆ ಏರಿದಂತೆ ಇಂಥ ಮೆಟ್ಟಿಲುಗಳು ಒಂದರ ಮೇಲೊಂದು ಹೆಚ್ಚಿದುವು. ಎಲೆಕ್ಟ್ರಾನಿನ ಶಕ್ತಿಗೂ ಬೆಳಕಿನ ತೀವ್ರತೆಗೂ ಸಂಬಂಧವಿಲ್ಲವೆಂಬ ಎರಡನೆಯ ನಿಯಮಕ್ಕೂ ಹೀಗೆ ಮೇರೆ ಸಿಕ್ಕಿತು.

ಇದಕ್ಕಿಂತ ಅಚ್ಚರಿಯ ಸಂಗತಿ ೧೯೮೭-೮೮ರಲ್ಲಿ ಕಂಡುಬಂದಿತು. ವೀಣೆಯ ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಆವೃತ್ತಿಯ ಉಪಸ್ವರಗಳೂ ಹುಟ್ಟುತ್ತವೆ. ಆದರೆ ಮೇಲೆ ಹೋದಂತೆ ಅವು ಕ್ಷೀಣಿಸಬೇಕು. ತೀವ್ರ ಲೇಸರಿನಿಂದ ಕಲಕಿದ ಪರಮಾಣುಗಳ ಬೆಳಕಿನಲ್ಲಿ ಹಾಗಾಗಲಿಲ್ಲ. ಷಿಕಾಗೋದ ಒಂದು ತಂಡ ೧೯೮೭ರಲ್ಲಿ ನಿಯಾನ್ ಅನಿಲದಿಂದ ೧೭ನೆಯ ಉಪಸ್ವರದವರೆಗೆ ಕಂಡಿತು. ಮರುವರ್ಷ ಸಾಕ್ಲೇಯಲ್ಲಿ ಆನ್ ಲ್ಯೂಲಿಯೇ ಮತ್ತು ಸಂಗಡಿಗರು ೧೦೬೪ ನ್ಯಾನೋಮೀಟರಿನ ಅವಕೆಂಪು ಬೆಳಕನ್ನು ಆರ್ಗಾನ್ ಅನಿಲದೊಳಗೆ ಹಾಯಿಸಿ ೩೩ನೆಯ ಉಪಸ್ವರವನ್ನು ಪಡೆದರು. ಮೊದಲ ಕೆಲವು ಉಪಸ್ವರಗಳು ಕ್ಷೀಣಿಸಿದ ಬಳಿಕ ಉಳಿದವು ಬಹುಮಟ್ಟಿಗೆ ಒಂದೇ ಬಲದಿಂದ, ಪ್ರಸ್ಥಭೂಮಿಯಂತೆ, ಮುಂದುವರಿದು ಕೊನೆಗೆ ಥಟ್ಟನೆ ಮುಗಿಯುತ್ತಿದ್ದುವು. ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಚಿತ್ರಕ್ಕೆ ಇದು ಸಿಕ್ಕುವಂತಿರಲಿಲ್ಲ.

ಸರಳವಾದ ವಿವರಣೆಯನ್ನು ೧೯೯೩ರಲ್ಲಿ ಕೆನಡಾದ ಆಟವಾ ನಗರದ ಪಾಲ್ ಕಾರ್ಕಮ್ ಅವರು ಕೊಟ್ಟರು. ಅದೇ ವೇಳೆಗೆ ಅಮೆರಿಕದ ಕುಲಾಂಡರ್, ಶೇಫರ್, ಕ್ರೌಸೆ ಅವರೂ ಸ್ವತಂತ್ರವಾಗಿ ಅಲ್ಲಿಗೇ ತಲಪಿದ್ದರು. ೧೯೮೭ರಷ್ಟು ಹಿಂದೆಯೇ ಸೋವಿಯತ್ ದೇಶದ ಕುಚಿಯೆವ್ ಅವರು ‘ಪರಮಾಣು ಆಂಟೆನಾ’ ಎಂಬ ಹೆಸರಿನಲ್ಲಿ ಇದೇ ಜಾಡಿನ ವಿಚಾರವನ್ನು ಮಂಡಿಸಿದ್ದರೆಂಬುದೂ ನ್ಯಾಯವಾಗಿ ಸ್ಮರಣೀಯ. ವಿವರಣೆ ಮೂರು ಹಂತಗಳದು. ಬೆಳಕಿನ ಕ್ಷೇತ್ರ ಶಿಖರಕ್ಕೇರಿದಾಗ ಎಲೆಕ್ಟ್ರಾನು ಸುರಂಗದ ಮೂಲಕ ಹೊರಬರುತ್ತದೆ. ಕ್ಷೇತ್ರ ಅದನ್ನು ದೂರ ಒಯ್ದು, ದಿಕ್ಕು ಬದಲಾದಾಗ ಹಿಂದಕ್ಕೆ ಎಳೆಯುತ್ತದೆ. ಹಿಂದಿರುಗಿದ ಎಲೆಕ್ಟ್ರಾನು ತಾನು ಬಿಟ್ಟುಹೋದ ಅಯಾನಿಗೆ ಅಪ್ಪಳಿಸಿ, ದಾರಿಯಲ್ಲಿ ಗಳಿಸಿದ ಶಕ್ತಿಯನ್ನು ಒಂದು ಫೋಟಾನಾಗಿ ಕಕ್ಕುತ್ತದೆ. ಕ್ಷೇತ್ರದಲ್ಲಿ ತೂಗಾಡುವ ಎಲೆಕ್ಟ್ರಾನಿನ ಸರಾಸರಿ ಶಕ್ತಿಯ ೩.೧೭ ಪಟ್ಟಿಗಿಂತ ಹೆಚ್ಚನ್ನು ಅದು ತರಲಾರದು. ಪ್ರಸ್ಥಭೂಮಿ ಥಟ್ಟನೆ ಮುಗಿಯುವುದರ ರಹಸ್ಯ ಇದೇ.

ಈ ವಿವರಣೆಯ ಐತಿಹಾಸಿಕ ಮಹತ್ವ ಮೂರನೆಯ ಹಂತದಲ್ಲಿದೆ. ಅಪ್ಪಳಿಸುವಿಕೆ ಬೆಳಕಿನ ಒಂದು ಆವರ್ತದ ಸಣ್ಣದೊಂದು ಭಾಗದಲ್ಲಿ ಮುಗಿಯುತ್ತದೆ. ೮೦೦ ನ್ಯಾನೋಮೀಟರಿನ ಬೆಳಕಿನ ಒಂದು ಆವರ್ತದ ಕಾಲ ೨.೭ ಫೆಮ್ಟೊಸೆಕೆಂಡು. ಅಂಥ ಬೆಳಕಿನ ಸ್ಪಂದವನ್ನು ಎಷ್ಟು ಕತ್ತರಿಸಿದರೂ ಒಂದು ಆವರ್ತದ ಆಸುಪಾಸಿಗಿಂತ ಕೆಳಗೆ ಒಯ್ಯುವಂತಿರಲಿಲ್ಲ. ಆದರೆ ಹಿಂದಿರುಗಿದ ಎಲೆಕ್ಟ್ರಾನು ಕಕ್ಕುವ ನೇರಳಾತೀತ ಬೆಳಕಿಗೆ ಈ ಅಡ್ಡಿಯಿಲ್ಲ. ಅದು ತಾನಾಗಿಯೇ ಅಟೋಸೆಕೆಂಡು ಮಾನದ ಸ್ಪಂದವಾಗಿರಬೇಕು. ಉಪಸ್ವರಗಳನ್ನು ಕೂಡಿಸಿ ಇಂಥ ಸ್ಪಂದಗಳನ್ನು ಪಡೆಯಬಹುದೆಂದು ಹಂಗೇರಿಯ ಫಾರ್ಕಾಷ್ ಮತ್ತು ಟೋತ್ ಅವರು ೧೯೯೨ರಲ್ಲಿಯೇ ಸೂಚಿಸಿದ್ದರು. ಪರಮಾಣುವನ್ನು ಒಡೆಯಲು ಬಂದ ಬೆಳಕೇ ಗಡಿಯಾರವನ್ನು ಹುಟ್ಟಿಸಿತು.

೬

ಸ್ಪಂದ ಹುಟ್ಟಿತೆಂದು ನಂಬುವುದು ಬ��ರೆ, ಅಳೆದು ತೋರಿಸುವುದು ಬೇರೆ. ಆ ಕಾರ್ಯ ೨೦೦೧ರಲ್ಲಿ ಎರಡು ಕಡೆಗಳಲ್ಲಿ ನೆರವೇರಿತು. ಅಗೊಸ್ಟಿನಿಯವರೂ ಹಾಲೆಂಡಿನ ಮುಲ್ಲರ್ ಅವರೂ ಸೇರಿದ ತಂಡ ೨೫೦ ಅಟೋಸೆಕೆಂಡಿನ ಸ್ಪಂದಗಳ ಮಾಲೆಯನ್ನು ಅಳೆಯಿತು. ವಿಯೆನ್ನಾದಲ್ಲಿ ಫೆರೆನ್ಸ್ ಕ್ರೌಸ್ ಅವರ ತಂಡ ೬೫೦ ಅಟೋಸೆಕೆಂಡಿನ ಒಂಟಿ ಸ್ಪಂದವನ್ನು ಪ್ರತ್ಯೇಕಿಸಿ ಅಳೆಯಿತು.

ಕ್ರೌಸ್ ಅವರ ತಂಡ ಬೆಳೆಸಿದ ಅಳತೆಯ ತತ್ತ್ವವನ್ನು ಒಂದು ಹೋಲಿಕೆಯಿಂದ ವಿವರಿಸಬಹುದು. ಸುಗ್ಗಿಯಲ್ಲಿ ಕಾಳು ತೂರುವಾಗ ಗಾಳಿಯ ವೇಗ ಏರಿಳಿಯುತ್ತಿದ್ದರೆ, ಕಾಳು ಬಿದ್ದ ಜಾಗವನ್ನು ನೋಡಿ ಅದನ್ನು ಮೊರದಿಂದ ಬಿಟ್ಟ ಗಳಿಗೆಯನ್ನು ಊಹಿಸಬಹುದು. ಇಲ್ಲಿ ಕಾಳೆಂದರೆ ಅಟೋಸೆಕೆಂಡು ಸ್ಪಂದ ಹೊರಡಿಸಿದ ಎಲೆಕ್ಟ್ರಾನು. ಗಾಳಿಯೆಂದರೆ ಅದರ ಜೊತೆಗೇ ಬರುವ ಲೇಸರಿನ ವಿದ್ಯುತ್ ಕ್ಷೇತ್ರ. ಎಲೆಕ್ಟ್ರಾನು ಹೊರಬಿದ್ದ ಗಳಿಗೆಗೆ ತಕ್ಕಂತೆ ಕ್ಷೇತ್ರ ಅದರ ವೇಗವನ್ನು ಹೆಚ್ಚಿಸುತ್ತದೆ ಇಲ್ಲವೆ ತಗ್ಗಿಸುತ್ತದೆ. ವೇಗವನ್ನು ಅಳೆದರೆ ಗಳಿಗೆ ತಿಳಿಯುತ್ತದೆ. ೨೦೦೨ರಲ್ಲಿ ಇದೇ ಬಗೆಯ ಉಪಾಯದಿಂದ, ಕ್ರಿಪ್ಟಾನ್ ಪರಮಾಣುವಿನ ಒಳಪದರದಲ್ಲಿ ತೆರವಾದ ಸ್ಥಾನ ತುಂಬಿಕೊಳ್ಳಲು ಸುಮಾರು ೮ ಫೆಮ್ಟೊಸೆಕೆಂಡು ಹಿಡಿಯುವುದೆಂದು ತಿಳಿದುಬಂದಿತು. ೨೦೧೭ರ ವೇಳೆಗೆ ಸ್ಪಂದದ ಅವಧಿ ೪೩ ಅಟೋಸೆಕೆಂಡಿಗೆ ಇಳಿಯಿತು.

ಅಣುಗಳಲ್ಲಿಯೂ ಘನವಸ್ತುಗಳಲ್ಲಿಯೂ ಈ ವಿದ್ಯೆಯ ಪ್ರಯೋಗ ಬೇಗನೆ ನಡೆಯಿತು. ೨೦೦೪ರಲ್ಲಿ ಆಟವಾದ ತಂಡ, ಹಿಂದಿರುಗಿ ಅಪ್ಪಳಿಸುವ ಎಲೆಕ್ಟ್ರಾನನ್ನೇ ಶೋಧಕವನ್ನಾಗಿ ಮಾಡಿಕೊಂಡು, ನೈಟ್ರೊಜನ್ ಅಣುವಿನ ಹೊರ ಎಲೆಕ್ಟ್ರಾನು ಹರಡಿಕೊಂಡಿರುವ ಆಕೃತಿಯನ್ನು ಪುನರ್ರಚಿಸಿತು. ೨೦೧೪ರಲ್ಲಿ ಫಿನೈಲಲನೀನ್ ಎಂಬ ಅಮೈನೋ ಆಮ್ಲದ ಅಣುವಿನಲ್ಲಿ ಅಯಾನೀಕರಣದ ತರುವಾಯ ವಿದ್ಯುದಂಶ ಅತ್ತಿತ್ತ ತೂಗಾಡುವ ಲಕ್ಷಣವು ೪.೩ ಫೆಮ್ಟೊಸೆಕೆಂಡಿನ ಆವರ್ತದಲ್ಲಿ ಕಂಡುಬಂದಿತು. ಅಣುವಿನ ಭಾರವಾದ ಭಾಗಗಳು ಅಷ್ಟು ಬೇಗ ಚಲಿಸಲಾರವಾದುದರಿಂದ ಇದು ಎಲೆಕ್ಟ್ರಾನುಗಳದೇ ಚಲನೆಯೆಂದು ಸಂಶೋಧಕರು ತೀರ್ಮಾನಿಸಿದರು.

ಸ್ಫಟಿಕಗಳ ವಿಷಯದಲ್ಲಿ ಬ್ಲಾಕ್ ಅವರೂ, ೧೯೩೪ರಲ್ಲಿ ಝೇನರ್ ಅವರೂ ಪ್ರಬಲ ಕ್ಷೇತ್ರದಲ್ಲಿ ಎಲೆಕ್ಟ್ರಾನಿನ ವರ್ತನೆಯನ್ನು ಗಣಿಸಿದ್ದರು. ಕೆಲ್ದಿಷ್ ಅದನ್ನು ಬೆಳಕಿನ ಕ್ಷೇತ್ರಕ್ಕೆ ವಿಸ್ತರಿಸಿದ್ದರು. ಆದರೆ ಹರಳು ಒಡೆಯದೆ ಅಷ್ಟು ಪ್ರಬಲ ಕ್ಷೇತ್ರವನ್ನು ತಾಳಿಕೊಳ್ಳಬೇಕಾದರೆ ಸ್ಪಂದ ಅತಿ ಹ್ರಸ್ವವಾಗಿಯೂ ತರಂಗದೂರ ದೀರ್ಘವಾಗಿಯೂ ಇರಬೇಕು. ೨೦೧೧ರಲ್ಲಿ ಘಿಮಿರೆ, ರೈಸ್ ಮತ್ತು ಸಂಗಡಿಗರು ಸತುವಿನ ಆಕ್ಸೈಡ್ ಹರಳಿನಿಂದ ಉನ್ನತ ಉಪಸ್ವರಗಳನ್ನು ಪಡೆದರು. ಅನಿಲದಲ್ಲಿ ಉಪಸ್ವರಗಳ ಕೊನೆಯ ಮಿತಿ ತೀವ್ರತೆಗೆ ಅನುಗುಣವಾಗಿ ಏರಿದರೆ, ಇಲ್ಲಿ ಅದು ಕ್ಷೇತ್ರಕ್ಕೆ ಅನುಗುಣವಾಗಿ ಏರಿತು. ಸಾಲುಸಾಲಾಗಿ ಹತ್ತಿರ ನಿಂತ ಪರಮಾಣುಗಳ ನಡುವೆ ಓಡುವ ಎಲೆಕ್ಟ್ರಾನಿನ ಪಾಡು ಒಂಟಿ ಪರಮಾಣುವಿನದಕ್ಕಿಂತ ಭಿನ್ನವೆಂಬುದಕ್ಕೆ ಇದೇ ಸಾಕ್ಷಿ. ೨೦೧೩ರಲ್ಲಿ, ಅವಾಹಕವಾದ ಗಾಜಿನಲ್ಲಿಯೂ ತೀವ್ರ ಸ್ಪಂದವೊಂದು ಫೆಮ್ಟೊಸೆಕೆಂಡಿನ ಮಾನದಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸಬಲ್ಲುದೆಂದು ಗಾರ್ಶಿಂಗಿನ ಸಂಶೋಧಕರು ತೋರಿಸಿದರು.

೭

ಇನ್ನು ಮೂರನೆಯ ನಿಯಮಕ್ಕೆ ಬರೋಣ. ೨೦೦೭ರಲ್ಲಿ ಗಾರ್ಶಿಂಗಿನ ತಂಡ ಟಂಗ್‌ಸ್ಟನ್ ಲೋಹದ ಮೇಲೆ ಅಟೋಸೆಕೆಂಡು ಸ್ಪಂದವನ್ನು ಬೀಳಿಸಿ ಎರಡು ಬಗೆಯ ಎಲೆಕ್ಟ್ರಾನುಗಳನ್ನು ಹೋಲಿಸಿತು. ಪರಮಾಣುವಿನ ಒಳಪದರಕ್ಕೆ ಅಂಟಿದ್ದ ಎಲೆಕ್ಟ್ರಾನುಗಳು, ಲೋಹದಲ್ಲಿ ಸ್ವತಂತ್ರವಾಗಿ ಸಂಚರಿಸುವ ಎಲೆಕ್ಟ್ರಾನುಗಳಿಗಿಂತ ಸುಮಾರು ೧೦೦ ಅಟೋಸೆಕೆಂಡು ತಡವಾಗಿ ಮೇಲ್ಮೈಗೆ ಬಂದುವು. ಹರ್ಟ್ಸ್ ಅವರ ಪ್ರಯೋಗವಾಗಿ ೧೨೦ ವರ್ಷಗಳ ಮೇಲೆ, ದ್ಯುತಿವಿದ್ಯುತ್ ಪರಿಣಾಮದಲ್ಲಿ ಕಾಲಾಂಶವು ಮೇಲ್ಮಿತಿಯಾಗಿ ಅಲ್ಲದೆ ಒಂದು ಸಂಖ್ಯೆಯಾಗಿ ಕಾಣಿಸಿಕೊಂಡಿತು.

೨೦೧೦ರಲ್ಲಿ ಅದೇ ಗಾರ್ಶಿಂಗಿನಲ್ಲಿ ನಿಯಾನ್ ಪರಮಾಣುವನ್ನು ಪರೀಕ್ಷಿಸಲಾಯಿತು. ಅದರ ಹೊರ ಕವಚದ ಎರಡು ಉಪಪದರಗಳಲ್ಲಿ ೨ಪಿ ಎಂಬುದರ ಎಲೆಕ್ಟ್ರಾನು ೨ಎಸ್ ಎಂಬುದರ ಎಲೆಕ್ಟ್ರಾನಿಗಿಂತ ೨೧ ಅಟೋಸೆಕೆಂಡು ತಡವಾಗಿ ಹೊರಟಿತೆಂದು ಅಳತೆ ತೋರಿಸಿತು. ದೋಷಮಿತಿ ೫ ಅಟೋಸೆಕೆಂಡು. ಇಲ್ಲಿ ಒಂದು ತೊಡಕು ಹುಟ್ಟಿತು. ವಿಗ್ನರ್ ಅವರ ವಿಚಾರವನ್ನು ಆಧರಿಸಿ ಅನೇಕ ಸಿದ್ಧಾಂತಿಗಳು ಮಾಡಿದ ಗಣನೆ ಇದರ ಅರ್ಧವನ್ನೂ ಸರಿಯಾಗಿ ಮುಟ್ಟಲಿಲ್ಲ. ಲೇಸರಿನ ಕ್ಷೇತ್ರ ಅಳತೆಯಲ್ಲಿ ತಾನೇ ಸೇರಿಸುವ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ತುಂಬಲಿಲ್ಲ. ಏಳು ವರ್ಷಗಳ ಕಾಲ, ಸಿದ್ಧಾಂತದಲ್ಲಿ ಏನೋ ಕೊರತೆಯಿರಬೇಕೆಂಬ ಶಂಕೆ ಉಳಿದುಕೊಂಡಿತು.

ಈ ತೊಡಕನ್ನು ೨೦೧೭ರಲ್ಲಿ ಬಿಡಿಸಿದವರು ಸ್ವೀಡನ್ನಿನ ಲುಂಡ್ ನಗರದಲ್ಲಿ ಲ್ಯೂಲಿಯೇ ಅವರ ಬಳಗದವರು. ಅತಿ ಹ್ರಸ್ವವಾದ ಸ್ಪಂದದಲ್ಲಿ ಶಕ್ತಿಗಳ ಹರವು ಅನಿವಾರ್ಯವಾಗಿ ವಿಶಾಲವಾಗಿರುತ್ತದೆ. ಕಾಲದಲ್ಲಿ ನಿಖರತೆ ಗಳಿಸಿದಷ್ಟೂ ಶಕ್ತಿಯಲ್ಲಿ ನಿಖರತೆ ನಷ್ಟವಾಗುತ್ತದೆ. ಇವರು ಒಂಟಿ ಸ್ಪಂದದ ಬದಲು ಸ್ಪಂದಗಳ ಮಾಲೆಯನ್ನು ಬಳಸಿ, ಕಾಲವನ್ನೂ ಶಕ್ತಿಯನ್ನೂ ಏಕಕಾಲದಲ್ಲಿ ಸೂಕ್ಷ್ಮವಾಗಿ ಅಳೆದರು. ಆಗ, ೨ಎಸ್ ಎಲೆಕ್ಟ್ರಾನುಗಳಿಗೆ ಅತಿ ಸಮೀಪದ ಶಕ್ತಿಯುಳ್ಳ ಇನ್ನೊಂದು ಗುಂಪು ಬೇರ್ಪಟ್ಟು ಕಂಡಿತು. ಒಂದು ಎಲೆಕ್ಟ್ರಾನು ಹೊರಬೀಳುವಾಗ ಇನ್ನೊಂದನ್ನು ಅಲುಗಿಸಿ ಮೇಲಿನ ಮಟ್ಟಕ್ಕೆ ಏರಿಸುವ ಪ್ರಸಂಗಗಳಿಂದ ಹುಟ್ಟಿದ ಗುಂಪು ಅದು. ಹಿಂದಿನ ಅಳತೆಯಲ್ಲಿ ಇವೆರಡೂ ಬೆರೆತಿದ್ದಿರಬೇಕೆಂದು ಅವರು ನಿರ್ಣಯಿಸಿದರು. ಬೇರ್ಪಡಿಸಿದ ಬಳಿಕ ಅಳತೆಯೂ ಗಣನೆಯೂ ಹೊಂದಿಕೊಂಡುವು.

ಸುರಂಗ ಗಮನಕ್ಕೆ ಕಾಲ ಹಿಡಿಯುವುದೇ ಎಂಬ ಪ್ರಶ್ನೆಯದೂ ಇಂಥದೇ ಚರಿತ್ರೆ. ಝೂರಿಕ್ ನಗರದ ಉರ್ಸುಲಾ ಕೆಲ್ಲರ್ ಅವರ ತಂಡ ೨೦೦೮ರಿಂದ ಹೀಲಿಯಂ ಪರಮಾಣುವಿನಲ್ಲಿ ಇದನ್ನು ಅಳೆಯತೊಡಗಿತು. ಫಲಿತಾಂಶಗಳ ಅರ್ಥದ ಬಗ್ಗೆ ದೀರ್ಘ ವಿವಾದ ನಡೆಯಿತು. ೨೦೧೯ರಲ್ಲಿ, ಗಣನೆ ಪೂರ್ಣವಾಗಿ ಸಾಧ್ಯವಿರುವ ಹೈಡ್ರೊಜನ್ ಪರಮಾಣುವಿನ ಮೇಲೆ ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗ, ಅಂಥ ವಿಳಂಬವಿದ್ದರೂ ಅದು ೧.೮ ಅಟೋಸೆಕೆಂಡಿಗಿಂತ ಹೆಚ್ಚಲ್ಲವೆಂದು ಹೇಳಿತು. ಲಾರೆನ್ಸ್ ಮತ್ತು ಬೀಮ್ಸ್ ಅವರ ಕಾಲದಂತೆ ಇಲ್ಲಿಯೂ ನಮಗೆ ದೊರೆತಿರುವುದು ಒಂದು ಮೇಲ್ಮಿತಿ. ಅದನ್ನು ಸೊನ್ನೆಯೆಂದು ಓದುವ ಆತುರ ಸಲ್ಲದೆಂಬುದು ಈ ಇತಿಹಾಸವೇ ಕಲಿಸುವ ಪಾಠ.

೮

೨೦೨೩ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಅಗೊಸ್ಟಿನಿ, ಕ್ರೌಸ್, ಲ್ಯೂಲಿಯೇ ಈ ಮೂವರಿಗೆ ಸಂದಿತು. ಅದು ಸರ್ವಥಾ ಉಚಿತವಾದುದು. ಆದರೂ ೨೦೧೬ರಲ್ಲಿ ನಿಧನರಾದ ಕೆಲ್ದಿಷ್ ಅವರ ಸೂತ್ರವೂ, ೨೦೨೨ರಲ್ಲಿ ಕ್ರೌಸ್ ಮತ್ತು ಲ್ಯೂಲಿಯೇ ಅವರೊಡನೆ ವುಲ್ಫ್ ಪಾರಿತೋಷಕ ಪಡೆದ ಕಾರ್ಕಮ್ ಅವರ ವಿವರಣೆಯೂ ಇಲ್ಲದೆ ಈ ಸೌಧ ನಿಲ್ಲುತ್ತಿರಲಿಲ್ಲವೆಂಬುದನ್ನು ಇತಿಹಾಸಕಾರರು ಮರೆಯಬಾರದು.

ಇಷ್ಟನ್ನೂ ಕೇಳಿದ ವಿದ್ಯಾರ್ಥಿ, ಹಾಗಾದರೆ ಐನ್‌ಸ್ಟೈನರ ವಾದ ಬಿದ್ದುಹೋಯಿತೆ ಎಂದು ಪ್ರಶ್ನಿಸಬಹುದು. ಬಿದ್ದುಹೋಗಲಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಅಲೆಯ ವಾದ ನಿರೀಕ್ಷಿಸಿದ್ದುದು ಶಕ್ತಿಯನ್ನು ಕೂಡಿಸಿಕೊಳ್ಳುವ ವಿಳಂಬವನ್ನು; ಬೆಳಕು ಮಂದವಾದಷ್ಟೂ ಅದು ದೀರ್ಘವಾಗಬೇಕಿತ್ತು. ಅಂಥ ವಿಳಂಬ ಇಂದಿಗೂ ಕಂಡುಬಂದಿಲ್ಲ. ಈಗ ಅಳೆದಿರುವುದು ಬೇರೆಯದು. ಶಕ್ತಿಯನ್ನು ಪಡೆದ ಎಲೆಕ್ಟ್ರಾನು ಅಯಾನಿನ ಸೆಳೆತವನ್ನು ದಾಟಿ, ಲೋಹವಾದರೆ ಪರಮಾಣುಗಳ ನಡುವೆ ಹಾದು, ಹೊರಬರುವಾಗ ಆಗುವ ವಿಳಂಬವದು. ಅಂತೆಯೇ, ಮಂದ ಬೆಳಕಿನಲ್ಲಿ ಮೊದಲೆರಡು ನಿಯಮಗಳೂ ಹಿಂದಿನಂತೆಯೇ ನಿಜ. ಅವುಗಳಿಗೆ ಮೇರೆ ಕಂಡದ್ದು ತೀವ್ರ ಬೆಳಕಿನಲ್ಲಿ.

ಆದುದರಿಂದ ಅಧ್ಯಾಪಕರು ಈ ಮೂರು ನಿಯಮಗಳನ್ನು ಕೈಬಿಡಬೇಕಾದ ಅಗತ್ಯವಿಲ್ಲ. ಪ್ರತಿಯೊಂದರ ಜೊತೆಗೂ ಅದರ ಮೇರೆಯನ್ನು ಹೇಳಿದರೆ ಸಾಕು. ‘ತತ್‌ಕ್ಷಣ’ ಎಂದು ಹೇಳುವಾಗ, ಯಾವ ವರ್ಷ, ಯಾವ ಉಪಕರಣದಿಂದ, ಎಷ್ಟಕ್ಕಿಂತ ಕಡಿಮೆಯೆಂದು ಅಳೆದದ್ದು ಎಂಬುದನ್ನೂ ಸೇರಿಸಿ ಹೇಳಿದಲ್ಲಿ, ವಿದ್ಯಾರ್ಥಿಗೆ ಒಂದು ನಿಯಮದೊಡನೆ ಅದರ ಇತಿಹಾಸವೂ ದೊರೆಯುತ್ತದೆ. ಅಂಥ ಬೋಧನೆಗೆ ಈ ಸಮೀಕ್ಷೆ ಕಿಂಚಿತ್ತಾದರೂ ಒದಗಿದರೆ ನಮ್ಮ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.